ಕತ್ತರಿ ಯಾರ ಕೈಯಾಗ ಐತಿ?

ತೊಂಬತ್ತರ ದಶಕದ ಮಾತು. ಅಥಣಿಯ ಕಾಲೇಜಿನಲ್ಲಿ ನಾನು ಓದುತ್ತಿದ್ದದ್ದು ಬಿ.ಎ., ಹುಚ್ಚು ಮಾತ್ರ ಜೀವಶಾಸ್ತ್ರದ್ದು. ಲೈಬ್ರರಿಯ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ನರಕೋಶಗಳ ಸಾವಿನ ಬಗ್ಗೆ ಒಂದು ಲೇಖನ ಸಿಕ್ಕಿತ್ತು. ಅದನ್ನು ವಹಿಯಲ್ಲಿ ಇಳಿಸಿಕೊಂಡು, ಡಿಕ್ಷನರಿ ಹಿಡಿದು ಮೂರು ವಾರ ಗುದ್ದಾಡಿದೆ. ಗರ್ಭದಲ್ಲಿ ಕೂಸು ಬೆಳೆಯುವಾಗ ಬೇಕಾದ್ದಕ್ಕಿಂತ ಹೆಚ್ಚು ನರಕೋಶಗಳು ಹುಟ್ಟುತ್ತವಂತೆ, ಆಮೇಲೆ ಎಷ್ಟೋ ಸಾಯುತ್ತವಂತೆ! ಇದನ್ನು ವಿಜ್ಞಾನ ಸಂಘದಲ್ಲಿ ಹೇಳಲೇಬೇಕು ಎಂದು ಜೀವಶಾಸ್ತ್ರದ ಸರ್ ಬಳಿ ಹೋದೆ.

"ಬಿ.ಎ. ಹುಡುಗಿ ನೀ. ಸೋಮವಾರ ಬಂದು ಮೊದಲ ನನ್ನ ಮುಂದ ಹೇಳಿ ತೋರಸು. ತಪ್ಪಿದ್ರ ಸಂಘದಾಗ ಮಾತಾಡೂದು ಇಲ್ಲ ನೋಡವಾ," ಎಂದರು.

ರವಿವಾರ ನಮ್ಮ ದ್ರಾಕ್ಷಿ ತೋಟದಲ್ಲಿ ಗೊಂಚಲು ತೆಳುಮಾಡುವ ಕೆಲಸ. ಕಾಯಿ ಹೆಸರುಕಾಳಿನಷ್ಟಾದಾಗ ಸಣ್ಣ ಕತ್ತರಿಯಿಂದ ಒತ್ತೊತ್ತಾಗಿದ್ದವನ್ನು ಉದುರಿಸುತ್ತೇವೆ, ಉಳಿದವು ದಪ್ಪಗಾಗಲಿ ಅಂತ. ಇದಕ್ಕಿಂತ ಒಳ್ಳೆಯ ಹೋಲಿಕೆ ಬೇಕೇ? ಪಕ್ಕದ ಸಾಲಿನಲ್ಲಿದ್ದ ಅವ್ವನ ತಂಗಿ ಮಾವಶಿಗೆ ಹೇಳಲು ಶುರುಮಾಡಿಯೇ ಬಿಟ್ಟೆ.

"ಮಾವಶಿ, ಮಿದುಳಿನಾಗೂ ಹಿಂಗ. ಹೆಚ್ಚಾದದ್ದನ್ನ ಕತ್ತರಿಸಿ ಒಗಿತಾರ."

"ಯಾರ ಒಗಿತಾರ? ಬಸುರಿ ಹೊಟ್ಟಿಯೊಳಗ ಕತ್ತರಿ ಹಿಡಕೊಂಡು ಯಾರ ಕುಂತಾರಬೇ? ನಿಮ್ಮ ಸರ್ ಏನು?"

ನಾಲ್ಕು ಸಾಲಿನ ಹೆಂಗಸರೂ ನಕ್ಕರು.

ಮಧ್ಯಾಹ್ನ ರೊಟ್ಟಿ ಬದಿಗಿಟ್ಟು ವಹಿ ತೆರೆದೆ. ತಿಳಿಯದೆ ದಾಟಿ ಹೋಗಿದ್ದ ಎರಡು ಸಾಲಿನಲ್ಲೇ ಎಲ್ಲ ಇತ್ತು. ಪ್ರತಿ ಕೋಶದೊಳಗೂ ಸಾವಿಗೆ ತಳ್ಳುವ ಪ್ರೋಟೀನುಗಳಿವೆ, ತಡೆದು ಹಿಡಿಯುವ ಪ್ರೋಟೀನುಗಳೂ ಇವೆ. ಹೊರಗೆ ಕತ್ತರಿ ಹಿಡಿದವರು ಯಾರೂ ಇಲ್ಲ. ತೋಟದವರ ಮಗಳು ನಾನು, ಅಲ್ಲೂ ಒಬ್ಬ ತೋಟದವನನ್ನು ನಿಲ್ಲಿಸಿಬಿಟ್ಟಿದ್ದೆ.

ಮತ್ತೆ ಮಾವಶಿಯ ಮುಂದೆ ಹೋಗಿ ನಿಂತೆ.

"ಕತ್ತರಿ ಆ ಕೋಶದೊಳಗ ಐತಿ ಮಾವಶಿ. ಅದನ್ನ ಹಿಡದಿಡೋ ಪ್ರೋಟೀನೂ ಒಳಗ ಐತಿ. ಕೋಶದಿಂದ ಬಳ್ಳಿಯಂಗ ಚಾಚೋ ಎಳಿ ಮುಟ್ಟಬೇಕಾದ ಜಾಗಾ ಮುಟ್ಟಿತಂದ್ರ, ಅಲ್ಲಿಂದ 'ನೀ ಬೇಕು' ಅಂತ ಸುದ್ದಿ ಬರತೈತಿ. ಸುದ್ದಿ ಬರತಿದ್ರ ಹಿಡಿತ ಗಟ್ಟಿ. ನಿಂತ್ರ ಸಡಲ, ಕತ್ತರಿ ಆಡತೈತಿ."

ಮಾವಶಿ ಮುಂದಿನ ಗೊಂಚಲಿಗೆ ಕತ್ತರಿ ಹಾಕಿದಳು. "ಹಾಂ, ಈಗ ತಿಳೀತು. ಆದ್ರ ನಾಳಿ ಈ ದ್ರಾಕ್ಷಿ ಸುದ್ದಿ ತಗದೀ ಅಂದ್ರ ಸರ್ರೂ ನನ್ನಂಗ ಕೇಳತಾರ ನೋಡ್."

ಕೇಳುವ ಮೊದಲೇ ಹೇಳಬೇಕೆಂದು ಅಲ್ಲೇ ಗಟ್ಟಿಮಾಡಿಕೊಂಡೆ. ಸೋಮವಾರ ಸ್ಟಾಫ್ ರೂಮಿನಲ್ಲಿ ನನ್ನ ಮೊದಲ ಮಾತೇ ಅದು:

"ಸರ್, ಇದು ದ್ರಾಕ್ಷಿ ಗೊಂಚಲ ತೆಳುಮಾಡಿದಂಗ ಅಲ್ಲರಿ."

ಸರ್ ಪೆನ್ನು ಕೆಳಗಿಟ್ಟರು. "ಯಾಕ ಅಲ್ಲ? ಕುಂತ ಹೇಳು."

ಹೇಳಿದೆ. ಮುಗಿಯುವ ಹೊತ್ತಿಗೆ ಪೆನ್ನು ಮತ್ತೆ ಅವರ ಕೈಯಲ್ಲಿತ್ತು, ಸಂಘದ ನೋಟಿಸಿನಲ್ಲಿ ನನ್ನ ಹೆಸರಿತ್ತು.