ಕಿರುಗುಟ್ಟುವ ಗಾಲಿಯ ಗಾಬರಕ್ಕ

ಆಸ್ಪತ್ರೆಯ ಹಿಂಬಾಗಿಲ ಬಳಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಲ್ಲಿನ ಬೆಂಚಿನ ಮೇಲೆ ನೀಲಿ ಸಮವಸ್ತ್ರದ ಹೆಂಗಸೊಬ್ಬರು ಚಹಾದ ಲೋಟ ಹಿಡಿದು ಕೂತು, ಮನಸ್ಸಿಟ್ಟು ಚಿಂತೆ ಮಾಡುತ್ತಿದ್ದಾರೆ. ಗ್ಯಾಸು ಆರಿಸಿದೆನೋ ಇಲ್ಲವೋ, ಮಗಳು ಪರೀಕ್ಷೆಯಲ್ಲಿ ಏನು ಬರೆದಳೋ, ಗಂಡನ ಕೆಮ್ಮು ಯಾಕೆ ಇನ್ನೂ ನಿಂತಿಲ್ಲವೋ. ಒಂದೊಂದು ಚಿಂತೆಯನ್ನೂ ಹತ್ತಿರ ಕರೆದು ವಿಚಾರಿಸಿ ಕಳಿಸುತ್ತಾರೆ. ಲೋಟ ಖಾಲಿಯಾದ ಕೂಡಲೇ ಎದ್ದು ಮಡಿಲು ಕೊಡವುತ್ತಾರೆ.

"ಇವತ್ತಿಂದು ಮುಗೀತು. ಉಳಿದಿದ್ದೆಲ್ಲ ನಾಳೆ ಬೆಳಿಗ್ಗೆ ಬರಲಿ, ಇದೇ ಬೆಂಚು, ಇದೇ ಹೊತ್ತು."

ಆಮೇಲೆ ತಮ್ಮ ಸ್ಟ್ರೆಚರನ್ನು ಒರೆಸಿ, ಬಿಳಿ ಹೊದಿಕೆ ಹಾಸಿ, ಕಾಲಿನಿಂದ ಬ್ರೇಕು ಒತ್ತಿ ನೋಡುತ್ತಾರೆ. ರೋಗಿಗಳನ್ನು ವಾರ್ಡಿನಿಂದ ಆಪರೇಷನ್ ಥಿಯೇಟರಿನ ಬಾಗಿಲವರೆಗೆ ತಳ್ಳಿಕೊಂಡು ಹೋಗುವುದು ಈಕೆಯ ಕೆಲಸ. ದಿನಕ್ಕೆ ಇಪ್ಪತ್ತು ಮಂದಿ, ಕೆಲವು ದಿನ ಇನ್ನೂ ಹೆಚ್ಚು. ಇಡೀ ಆಸ್ಪತ್ರೆ ಈಕೆಯನ್ನು ಕರೆಯುವುದು ಗಾಬರಕ್ಕ ಎಂದು.

ಇವತ್ತಿನ ಮೊದಲ ಸವಾರಿ ಒಬ್ಬ ಲಾರಿ ಡ್ರೈವರ್. ಆನೆಯಂಥ ದೇಹ, ಗುಬ್ಬಿಯಷ್ಟು ಧೈರ್ಯ. ಹೊದಿಕೆಯ ಅಂಚನ್ನು ಹಿಂಡುತ್ತಾ ಚಾವಣಿ ನೋಡುತ್ತಿದ್ದಾನೆ.

"ಅಣ್ಣಾ, ಒಂದು ಉಪಕಾರ ಆಗ್ಬೇಕು," ಎನ್ನುತ್ತಾರೆ ಗಾಬರಕ್ಕ. "ಇದರ ಗಾಲಿ ಒಂದು ಕಿರುಗುಟ್ಟುತ್ತೆ. ಯಾವುದು ಅಂತ ತಿಳೀತಿಲ್ಲ. ನೀವು ಗಾಡಿ ಓಡಿಸೋರು, ಸ್ವಲ್ಪ ಕಿವಿಗೊಟ್ಟು ಹೇಳ್ತೀರಾ?"

ಡ್ರೈವರ್ ಹುಬ್ಬು ಗಂಟಿಕ್ಕುತ್ತಾನೆ. ಕಾರಿಡಾರಿನ ತಿರುವಿನಲ್ಲಿ ತಲೆ ಓರೆ ಮಾಡುತ್ತಾನೆ. ಹೊದಿಕೆ ಹಿಂಡುತ್ತಿದ್ದ ಬೆರಳು ಈಗ ಗಾಳಿಯಲ್ಲಿ ಲೆಕ್ಕ ಹಾಕುತ್ತಿದೆ. ಲಿಫ್ಟು ದಾಟುವಷ್ಟರಲ್ಲಿ ತೀರ್ಪು ಬರುತ್ತದೆ. "ಎಡಗಡೆ ಹಿಂದಿಂದು. ಇದಕ್ಕೆ ಎಣ್ಣೆ ತೋರಿಸಿ ಎಷ್ಟು ವರ್ಷ ಆಯ್ತಮ್ಮಾ? ನಮ್ಮ ಲಾರಿ ಆಗಿದ್ರೆ ಕ್ಲೀನರಿಗೆ ಬಿಡ್ತಿದ್ದೆ ಎರಡು." ಅಷ್ಟರಲ್ಲಿ ಥಿಯೇಟರಿನ ಬಾಗಿಲು ಬಂದಿದೆ.

ಎಡಗಡೆ ಹಿಂದಿನದು ಎನ್ನುವುದು ಗಾಬರಕ್ಕನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆಸ್ಪತ್ರೆಯ ರಿಪೇರಿಯವರು ಎಣ್ಣೆಯ ಡಬ್ಬಿ ಹಿಡಿದು ಬಂದಾಗಲೆಲ್ಲ ಅಡ್ಡ ನಿಂತು ಕಳಿಸುವವರು ಈಕೆಯೇ. "ಅದರ ಸದ್ದಿಗೆ ಎಲ್ಲರೂ ನನಗೆ ಬೈತಾರೆ, ತಾಯಿ," ಎಂದು ರಿಪೇರಿಯವರು ಗೊಣಗುತ್ತಾರೆ. "ಬೈಯೋ ಹೊತ್ತಿಗೆ ಅವರಿಗೆ ಭಯ ಮರೆತಿರುತ್ತಲ್ಲ, ಅದು ನಿಮ್ಮ ಪುಣ್ಯ ಅಂದ್ಕೊಳ್ಳಿ," ಎನ್ನುತ್ತಾರೆ ಈಕೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಾಬರಿಯೆಲ್ಲ ಈಕೆಯದೇ ಆಗಿತ್ತು. ಗಂಡನ ಗಳಿಕೆ ಸಾಲದೆ, ಕೈಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಹೊರಟಿದ್ದರು. ಮನೆಗೆ ಬೀಗ ಹಾಕಿದ ಮೇಲೆ ಅರ್ಧ ದಾರಿಯಿಂದ ಹಿಂತಿರುಗಿ ಎಳೆದು ನೋಡುವುದು, ಫೋನ್ ಬಡಿದುಕೊಂಡರೆ ಎದೆ ಬಾಯಿಗೆ ಬರುವುದು. ರೋಗಿಗಳಿಗೆ "ಹೆದರಬೇಡಿ, ಹೆದರಬೇಡಿ" ಎನ್ನುವಾಗ ಅವರ ಹಲ್ಲಿಗಿಂತ ಈಕೆಯ ಹಲ್ಲೇ ಹೆಚ್ಚು ಕಟಕಟಿಸುತ್ತಿತ್ತು. ಅಡ್ಡಹೆಸರು ಬಂದದ್ದು ಆಗಲೇ. ಈಗ ನಿವೃತ್ತರಾಗಿರುವ ನರ್ಸಮ್ಮ ಒಬ್ಬರು ಈಕೆಯ ಪಾಡು ನೋಡಿ, ಪಕ್ಕಕ್ಕೆ ಕರೆದು ತಮ್ಮ ಚಹಾದಲ್ಲಿ ಅರ್ಧ ಬಗ್ಗಿಸಿಕೊಟ್ಟರಂತೆ.

"ಚಿಂತೆ ಬೇಡ ಅಂದ್ರೆ ಅದು ಹೋಗಲ್ಲ ಕಣೇ, ಅದಕ್ಕೊಂದು ಹೊತ್ತು ಗೊತ್ತು ಮಾಡು ಅಂದ್ರು. ಹೆದರಿದೋರ ಕೈಗೆ, ಕಿವಿಗೆ ಏನಾದ್ರೂ ಕೆಲಸ ಕೊಡು ಅಂದ್ರು. ಮೊದಲು ನನ್ನ ಮೇಲೇ ಮಾಡಿ ನೋಡ್ದೆ," ಎನ್ನುತ್ತಾರೆ ಗಾಬರಕ್ಕ.

ಈ ಗುಟ್ಟು ಒಬ್ಬರ ಮುಂದೆ ಮಾತ್ರ ನಡೆಯುವಂತಿರಲಿಲ್ಲ. ಅವರು ಈಕೆಯ ಅತ್ತೆ. ದರ್ಜಿ ಅಂಗಡಿಗೆ ಗುಂಡಿ ಹೊಲಿದುಕೊಡುತ್ತಿದ್ದ ಅವರ ಕಣ್ಣಿಗೆ ಪೊರೆ ಬಂದು, ದಾರದ ಬಣ್ಣ ತಿಳಿಯುವುದೂ ಕಷ್ಟವಾಗಿತ್ತು. ಅಂಗಡಿಯವರು ಬಟ್ಟೆ ಕಳಿಸುವುದನ್ನು ನಿಲ್ಲಿಸಿದರು. ಆಪರೇಷನ್ನಿಗೆಂದು ಕರೆತಂದರೆ ಎರಡು ಸಲವೂ ಥಿಯೇಟರಿನ ಬಾಗಿಲಲ್ಲೇ ಎದ್ದು ಕೂತು ಮನೆಗೆ ವಾಪಸ್. ಇನ್ನೂ ತಡವಾದರೆ ಕಷ್ಟ ಎಂದರು ಡಾಕ್ಟರು. ಹೋದ ತಿಂಗಳು ಮೂರನೆಯ ಸಲ. ಸ್ಟ್ರೆಚರಿನ ಮೇಲೆ ಮಲಗುತ್ತಲೇ ಅತ್ತೆ ಬೆರಳೆತ್ತಿದರು.

"ನೋಡೇ, ಗಾಲಿ ಕಥೆ ನನ್ನ ಹತ್ರ ಬೇಡ. ದಿನಾ ರಾತ್ರಿ ಊಟಕ್ಕೆ ಕೂತಾಗ ಕೇಳಿದ್ದೀನಿ."

ಹಳೆಯ ಗಾಬರಿಯೆಲ್ಲ ಒಮ್ಮೆಗೇ ಬಂದು ಗಾಬರಕ್ಕನ ಕೈಯಲ್ಲಿ ಕೂತಿತು. ಸ್ಟ್ರೆಚರ್ ತಳ್ಳಿದರು, ಕದಲಲಿಲ್ಲ. ಮೈಭಾರವೆಲ್ಲ ಹಾಕಿ ತಳ್ಳಿದರು, ಆಗಲೂ ಇಲ್ಲ.

"ಏನೇ, ಎತ್ತು ಕಟ್ಟಬೇಕಾ?"

"ನೀವು ದಪ್ಪ ಆಗಿದ್ದೀರ ಅತ್ತೆ."

"ನಾನು ದಪ್ಪ ಆಗಿಲ್ಲ, ನೀನು ಬ್ರೇಕ್ ತೆಗೆದಿಲ್ಲ. ತೆಗೆದ್ರೆ ಟಕ್ ಅನ್ನುತ್ತೆ ಅಂತಿದ್ದೆಯಲ್ಲ, ನನಗೆ ಕೇಳಿಸಲೇ ಇಲ್ಲ."

ಅಷ್ಟು ವರ್ಷ ಸ್ಟ್ರೆಚರ್ ತಳ್ಳಿದ ಕೈ ಬ್ರೇಕು ಹಾಕಿದ ಗಾಡಿಯ ಜತೆ ಕುಸ್ತಿ ಆಡುತ್ತಿತ್ತು. ಮೊದಲು ಸೊಸೆ ನಕ್ಕರು, ಆಮೇಲೆ ಅತ್ತೆ. ಇಬ್ಬರ ನಗು ನೋಡಿ ಪಕ್ಕದ ಮಂಚದವರೂ ನಕ್ಕರು. ಕಣ್ಣು ಒರೆಸಿಕೊಂಡ ಅತ್ತೆ, ಮಲಗಿದಲ್ಲಿಂದಲೇ ಸೊಸೆಯ ಕೈ ತಡವಿದರು.

"ನಡುಗ್ತಿದ್ದೀಯಲ್ಲೇ ಹುಡುಗಿ. ಈಗ ನೀನು ಗಾಲಿ ಸದ್ದು ಕೇಳ್ಕೊಂಡು ಬಾ. ಯಾವುದು ಅಂತ ಬಾಗಿಲ ಹತ್ರ ನನಗೆ ಹೇಳ್ಬೇಕು."

"ಕೇಳ್ತಾ ಹೋದೆ," ಎನ್ನುತ್ತಾರೆ ಗಾಬರಕ್ಕ. "ಗುಟ್ಟು ಗೊತ್ತಿದ್ರೂ ಅದು ಕೆಲಸ ಮಾಡುತ್ತೆ ಅಂತ ಅವತ್ತೇ ತಿಳಿದಿದ್ದು. ಬಾಗಿಲ ಹತ್ರ ಎಡಗಡೆ ಹಿಂದಿಂದು ಅತ್ತೆ ಅಂದೆ. ಪಾಸಾದೆ ಕಣೇ, ಹೋಗು ಅಂದು, ತಿರುಗಿ ನೋಡದೆ ಒಳಗೆ ಹೋದ್ರು."

ಕಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ ಅತ್ತೆ ಮೊದಲು ನೋಡಿದ್ದು ಸೊಸೆಯ ಮುಖವನ್ನಲ್ಲ, ಅಂಗಿಯ ಗುಂಡಿಯನ್ನು. ನೀಲಿ ಅಂಗಿಗೆ ಗಿಳಿಹಸಿರು ದಾರ.

"ಥೂ, ಇದನ್ನ ಹೊಲಿದೋರು ಯಾರೇ? ಕಣ್ಣಿರಲಿಲ್ವಾ ಅವರಿಗೆ?"

"ಇರಲಿಲ್ಲ ಅತ್ತೆ. ನೀವೇ."

ಆ ಹಸಿರು ದಾರ ಇವತ್ತೂ ಹಾಗೇ ಇದೆ. ಈಗ ಮತ್ತೆ ದರ್ಜಿ ಅಂಗಡಿಯ ಬಟ್ಟೆ ಮನೆಗೆ ಬರುತ್ತಿದೆ, ಅತ್ತೆ ದಿನವೂ ಸರಿಮಾಡಿ ಕೊಡುತ್ತೇನೆಂದು ಸೂಜಿ ಹಿಡಿದು ಬೆನ್ನು ಹತ್ತುತ್ತಾರೆ, ಸೊಸೆ ಕೈಗೆ ಸಿಗದೆ ಓಡಿ ಬರುತ್ತಾರೆ.

ಆಸೆ ಏನಾದರೂ ಇದೆಯೇ ಎಂದರೆ ಗಾಬರಕ್ಕ ಮುಂದಿನ ಸವಾರಿಗೆ ಹೊದಿಕೆ ಹಾಸುತ್ತಾ ಯೋಚಿಸುತ್ತಾರೆ. "ನಾನು ರಜ ಹಾಕಿದ ದಿನ ಯಾರೂ ಈ ಗಾಲಿಗೆ ಎಣ್ಣೆ ಬಿಡದಿದ್ರೆ ಸಾಕು. ಇಲ್ಲಾಂದ್ರೆ ಅದೊಂದು ಚಿಂತೆ ಬೆಂಚಿಗೆ ಬಂದು ಕೂರುತ್ತೆ."

ಟಕ್ ಎಂದು ಬ್ರೇಕು ತೆಗೆಯುತ್ತಾರೆ.