ಚಪ್ಪೆ ಇರಲಿಲ್ಲ

ಕಳೆದ ತಿಂಗಳು ಕೊಡಿಯಾಲ್‌ಬೈಲಿನ ಫ್ಲ್ಯಾಟಿನಲ್ಲಿ ನನ್ನ ತಂಗಿಯ ಅಳಿಯ ಒಂದು ಬಾಟಲಿ ತೆರೆದ. ದುಬೈಯಿಂದ ಬರುವಾಗ ತಂದದ್ದಂತೆ. ಹಳೆಯ ಕೆಂಪು ವೈನ್, ಅದೂ ಮುದಿ ಬಳ್ಳಿಗಳ ದ್ರಾಕ್ಷಿಯದ್ದು. ಬಳ್ಳಿಗೆ ವಯಸ್ಸಾದಷ್ಟೂ ಹಣ್ಣು ಕಡಿಮೆ, ರಸ ಗಟ್ಟಿ ಎಂದು ಪಾಠ ಶುರು ಮಾಡಿದ. ಗ್ಲಾಸನ್ನು ಹೀಗೆ ತಿರುಗಿಸಬೇಕು, ಹೀಗೆ ಮೂಸಬೇಕು, ಚರ್ಮದ ವಾಸನೆ ಬರುತ್ತದೆ, ಹೊಗೆಸೊಪ್ಪಿನದೂ ಬರುತ್ತದೆ... ಒಂದು ಗುಟುಕು ಕುಡಿಯುವುದಕ್ಕೆ ಇಷ್ಟೆಲ್ಲ ಉಪದ್ವ್ಯಾಪವೇ ಎಂದು ಒಳಗೊಳಗೇ ನಗುತ್ತ ಮೂಗಿನ ಹತ್ತಿರ ಹಿಡಿದೆ. ನಗು ಅಲ್ಲೇ ನಿಂತಿತು. ಚರ್ಮವೂ ಇಲ್ಲ, ಹೊಗೆಸೊಪ್ಪೂ ಇಲ್ಲ. ಲವಂಗ, ಸೀದ ಬೆಲ್ಲ, ಅದರಡಿಯಲ್ಲಿ ತಣ್ಣನೆಯ ಒದ್ದೆ ಮಣ್ಣು. ಉರ್ವದಲ್ಲಿ ನಮ್ಮ ಪಕ್ಕದ ಮನೆಯ ಬಾಯಮ್ಮನ ಅಡಿಗೆಮನೆಯ ವಾಸನೆ ಅದು.

ಬಾಯಮ್ಮ ಎಂಬುದು ಹೆಸರಲ್ಲ. ನಮ್ಮ ತುಳುವರ ಮನೆಗಳಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದೇ ಹಾಗೆ. ಅವರು ಶಾಲೆಯಲ್ಲಿ ಕನ್ನಡ ಟೀಚರ್. ತಮ್ಮವರ ಜೊತೆ ಕೊಂಕಣಿ, ಮೀನಿನವಳ ಜೊತೆ ತುಳು, ನಮ್ಮ ಜೊತೆ ಮಾತ್ರ ಹಟ ಹಿಡಿದು ಕನ್ನಡ. ಒಂದು ಪದ ಅತ್ತಿತ್ತ ಆದರೂ ಬಿಡುತ್ತಿರಲಿಲ್ಲ. "ನಾಳೆ ಬಂದೆ ಅಂದ್ರೆ ಎಂತ ಅರ್ಥ? ಬರ್ತೇನೆ ಅಂತ ಹೇಳು ಮಾರಾಯ್ತಿ" ಎಂದು ಬೇಲಿಯಾಚೆಯಿಂದಲೇ ತಿದ್ದುತ್ತಿದ್ದರು. ನನಗಂತೂ ಅವರೆದುರು ಬಾಯಿ ತೆರೆಯಲೂ ಹೆದರಿಕೆಯಾಗುತ್ತಿತ್ತು, ಆದರೂ ದಿನಾ ಹೋಗುತ್ತಿದ್ದೆ.

ಅವರ ಬಾವಿಯ ಬದಿಯಲ್ಲಿ ಒಂದು ದ್ರಾಕ್ಷಿ ಬಳ್ಳಿ ಇತ್ತು. ಅವರ ಅತ್ತೆ ಮದುವೆಯಾಗಿ ಬಂದಾಗ ನೆಟ್ಟದ್ದಂತೆ. ನಮ್ಮೂರಿನ ಮಳೆಗೆ ದ್ರಾಕ್ಷಿ ನಿಲ್ಲುವುದಿಲ್ಲ, ಇದು ಮಾತ್ರ ನಿಂತಿತ್ತು. ದಿನಾ ಮೀನು ತೊಳೆದ ನೀರು ಅದರ ಬುಡಕ್ಕೇ. ಹಣ್ಣು ಸಣ್ಣದು, ಕಪ್ಪು, ಹಾಗೇ ತಿಂದರೆ ಮುಖ ಕಿವುಚುವಷ್ಟು ಹುಳಿ. ಅದರಿಂದಲೇ ಕ್ರಿಸ್ಮಸ್ಸಿಗೆ ಭರಣಿಯಲ್ಲಿ ವೈನ್ ಹಾಕುತ್ತಿದ್ದರು. ಮೊದಲ ರುಚಿ ನೋಡಲು ಯಾವಾಗಲೂ ನಮ್ಮ ಮನೆಯವರೇ ಬೇಕು. ಮಾಡಿದವಳ ನಾಲಿಗೆ ಸುಳ್ಳು ಹೇಳುತ್ತದೆ, ಹೊರಗಿನವರದೇ ಆಗಬೇಕು ಎಂಬುದು ಅವರ ಕ್ರಮ.

ಅವರ ಗಂಡನನ್ನು ನಾವು ಪೊರ್ಬುಗಳು ಎನ್ನುತ್ತಿದ್ದೆವು. ಹಡಗಿನಲ್ಲಿ ಅಡಿಗೆಯವರು. ಕೊನೆಯ ಸಲ ರಜೆಗೆ ಬಂದಾಗ ತಾವೇ ದ್ರಾಕ್ಷಿ ಹಿಚುಕಿ ಭರಣಿ ತುಂಬಿಸಿ, "ನಾನು ಬಂದ ಮೇಲೆ ತೆಗೆಯುವಾ" ಎಂದು ಅದರ ಬಾಯಿ ಕಟ್ಟಿ ಹೋದರು. ಆ ಹಡಗು ಎಲ್ಲೋ ದೂರದ ನೀರಿನಲ್ಲಿ ಮುಳುಗಿತು. ಕೆಲವರು ಬದುಕಿ ಬಂದರು, ಕೆಲವರ ಹೆಣ ಸಿಕ್ಕಿತು. ಪೊರ್ಬುಗಳು ಎರಡರಲ್ಲೂ ಇರಲಿಲ್ಲ. ಆತ್ಮಕ್ಕೆ ಚರ್ಚಿನಲ್ಲಿ ಪೂಜೆ ಇಡಿಸು ಎಂದು ಗಂಡನ ಕಡೆಯವರು ಹೇಳಿದಾಗಲೆಲ್ಲ ಬಾಯಮ್ಮ ಅವರನ್ನು ಬೈದು ಕಳಿಸುತ್ತಿದ್ದರು. ಆದರೆ ಗೇಟಿನ ಸದ್ದಿಗೆ ಅವರು ಎದ್ದು ನಿಲ್ಲುವುದನ್ನು ನಾವು ವರ್ಷಗಟ್ಟಲೆ ನೋಡಿದೆವು. ಹೆಂಡತಿಯೋ ವಿಧವೆಯೋ ಎಂದು ಅವರಿಗೇ ತಿಳಿಯದು... ಪಾಪ, ಅದೆಂಥ ಬದುಕು!

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲ. ದೀಪಾವಳಿಗೆ ನಮ್ಮಲ್ಲಿ ಸತ್ತವರಿಗೆ ಅಗೆಲು ಬಡಿಸುವ ಪದ್ಧತಿ. ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಕೋಳಿ ಸಾರು, ದೋಸೆ, ಕಳ್ಳು ಎಲ್ಲ ಇಟ್ಟು, ದೀಪ ಹಚ್ಚಿ ಬಾಗಿಲು ಹಾಕಿಕೊಂಡು ಹೊರಗೆ ಕಾಯುವುದು. ಸತ್ತವರು ಬಂದು ಅನ್ನ ತಿನ್ನುವುದಿಲ್ಲ, ಅದರ ರುಚಿಯನ್ನಷ್ಟೇ ಕೊಂಡು ಹೋಗುತ್ತಾರೆ, ಆಮೇಲೆ ಉಳಿಯುವುದು ಚಪ್ಪೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಸಪ್ಪೆಗೆ ನಮ್ಮ ಕಡೆ ಚಪ್ಪೆ ಎನ್ನುತ್ತೇವೆ. ರುಚಿ ಇಲ್ಲದ್ದಕ್ಕೂ ಅದೇ ಮಾತು, ಉಪ್ಪಿಲ್ಲದ್ದಕ್ಕೂ ಅದೇ.

ಆ ವರ್ಷ ಸಂಜೆ ಹೊತ್ತಿಗೆ ಬಾಯಮ್ಮ ಒಂದು ಗ್ಲಾಸ್ ಹಿಡಿದುಕೊಂಡು ನಮ್ಮ ಹಿಂಬಾಗಿಲಿಗೆ ಬಂದರು. ಪೊರ್ಬುಗಳ ಭರಣಿ ತೆರೆದಿದ್ದರು.

"ಇದನ್ನೂ ಒಳಗೆ ಇಡಿ. ಚಪ್ಪೆ ಆದ್ರೆ ಅವರು ಇಲ್ಲ. ಆಗದಿದ್ರೆ ಇದ್ದಾರೆ. ನನಗೆ ಅಷ್ಟು ಗೊತ್ತಾದ್ರೆ ಸಾಕು. ಫಾದರಿಗೆ ಮಾತ್ರ ಹೇಳ್ಬೇಡಿ."

ಅಜ್ಜಿ ಹೌಹಾರಿದಳು. "ಬದುಕಿದ್ದವರಿಗೆ ಬಡಿಸ್ಬಾರದು ಬಾಯಮ್ಮ! ಆಯುಷ್ಯ ಕಮ್ಮಿ ಆಗ್ತದೆ."

"ಬದುಕಿದ್ದವರು ಇಷ್ಟು ವರ್ಷ ಮನೆಗೆ ಬರದೆ ಇರ್ತಾರಾ ಅಮ್ಮ?" ಎಂದರು. ಎಲೆ ಬೇಡ, ಗ್ಲಾಸ್ ಮಾತ್ರ ಮೂಲೆಯಲ್ಲಿರಲಿ ಎಂದಳು ಅಜ್ಜಿ.

ಒಳಗಿಡುವ ಮೊದಲು ನನಗೆ ಒಂದು ಗುಟುಕು ಕೊಟ್ಟು, "ರುಚಿ ನೆನಪಿಟ್ಟುಕೊ, ಆಮೇಲೆ ನೀನೇ ಹೇಳ್ಬೇಕು" ಎಂದರು. ಅಂಥದ್ದನ್ನು ನಾನು ಆಮೇಲೆ ಎಲ್ಲಿಯೂ ಕುಡಿದಿಲ್ಲ. ಮೊದಲು ಸಿಹಿ, ಹಿಂದೆಯೇ ಹುಳಿ, ಕೊನೆಗೆ ನಾಲಿಗೆಯ ಮೇಲೆ ಬಿಡದೆ ಕೂತ ಒಗರು. ಆ ಹಸಿ ಹುಳಿಯೆಲ್ಲ ಕತ್ತಲಲ್ಲಿ ಕೂತು ಕೂತು ಬೇರೆಯೇ ಏನೋ ಆಗಿತ್ತು. ಲವಂಗದ ಬಿಸಿ ಗಂಟಲವರೆಗೂ ಇಳಿಯಿತು.

ಬಾಗಿಲು ಹಾಕಿದೆವು. ಬೀದಿಯ ಪಟಾಕಿಗಳು ಅದು ಯಾಕೋ ಒಟ್ಟಿಗೇ ನಿಂತವು. ಆಗ ಒಳಗೆ ನೀರು ತೊಟ್ಟಿಕ್ಕುವ ಸದ್ದು ಕೇಳಿತು. ಒದ್ದೆ ಬಟ್ಟೆಯಿಂದ ನೆಲಕ್ಕೆ ಬೀಳುವ ಹಾಗೆ, ನಿಧಾನವಾಗಿ. ಮಳೆ ಇರಲಿಲ್ಲ. ಅಪ್ಪ "ಬೆಕ್ಕಿರಬೇಕು" ಎಂದ, ಆದರೆ ಎದ್ದು ನೋಡಲು ಅವನೂ ಹೋಗಲಿಲ್ಲ. ಬಾಯಮ್ಮ ಜಪಸರ ಹಿಡಿದು ಕೂತಿದ್ದರು, ಬೆರಳು ಮಾತ್ರ ಓಡುತ್ತಿರಲಿಲ್ಲ.

ತೆರೆದಾಗ ನೆಲ ಒಣಗಿಯೇ ಇತ್ತು. ಗ್ಲಾಸಿನಲ್ಲಿ ವೈನ್ ಇಟ್ಟಷ್ಟೇ ಇತ್ತು. ಕೋಣೆಯಲ್ಲೆಲ್ಲ ಕೋಳಿ ಸಾರಿನ ಘಮ, ಆದರೆ ಗ್ಲಾಸನ್ನು ಮೂಗಿಗೆ ಹಿಡಿದರೂ ಅದರಿಂದ ಮಾತ್ರ ಏನೂ ಬರಲಿಲ್ಲ. ಬಾಯಿಗೆ ಹಾಕಿಕೊಂಡೆ. ಸಿಹಿ ಇಲ್ಲ, ಹುಳಿ ಇಲ್ಲ, ಒಗರಿಲ್ಲ. ಇದ್ದದ್ದು ಉಪ್ಪು. ಪಣಂಬೂರಿನಲ್ಲಿ ಸ್ನಾನ ಮಾಡುವಾಗ ಅಲೆ ಬಾಯಿಗೆ ನುಗ್ಗುತ್ತದಲ್ಲ, ಅದೇ ಉಪ್ಪು.

"ಹೇಳು, ಚಪ್ಪೆಯಾ?" ಎಂದರು ಬಾಯಮ್ಮ.

ಒಂದು ಪದ ತಪ್ಪಿದರೂ ಬಿಡುವವರಲ್ಲವಲ್ಲ. ಇದ್ದದ್ದನ್ನು ಇದ್ದ ಹಾಗೆಯೇ ಹೇಳಲು ಹೊರಟೆ. "ಚಪ್ಪೆ ಇಲ್ಲ ಬಾಯಮ್ಮ, ಆದ್ರೆ..."

"ಚಪ್ಪೆ ಇಲ್ಲ!" ಎಂದು ಕೂಗಿದರು. ನನ್ನ ಕೈಯಿಂದ ಗ್ಲಾಸ್ ಕಿತ್ತುಕೊಂಡು ಒಂದೇ ಗುಟುಕಿಗೆ ಕುಡಿದರು. ಮುಖ ಒಂದು ಕ್ಷಣ ಕಲ್ಲಾಯಿತು. ಆಮೇಲೆ ಸೆರಗಿನಿಂದ ತುಟಿ ಒರೆಸಿಕೊಂಡು, ಖಾಲಿ ಗ್ಲಾಸನ್ನು ನನ್ನ ಅಮ್ಮನಿಗೆ ತೋರಿಸಿ, "ಕೇಳಿದಿರಲ್ಲ? ಚಪ್ಪೆ ಇಲ್ಲ" ಎಂದು ನಡೆದೇಬಿಟ್ಟರು. ಬೇರೆ ಯಾರಿಗೂ ರುಚಿ ನೋಡಲು ಒಂದು ಹನಿಯೂ ಉಳಿದಿರಲಿಲ್ಲ.

ಬಾಯಮ್ಮ ಪೊರ್ಬುಗಳಿಗೆ ಪೂಜೆ ಇಡಿಸಲೇ ಇಲ್ಲ. ಬಣ್ಣದ ಸೀರೆ ಉಡುವುದನ್ನು ಬಿಡಲಿಲ್ಲ, ಗಂಡನ ಹುಟ್ಟಿದ ದಿನ ನಮಗೆಲ್ಲ ಕೇಕ್ ಕೊಟ್ಟರು. ಯಾರಾದರೂ ಕೇಳಿದರೆ "ಇದ್ದಾರೆ" ಎನ್ನುತ್ತಿದ್ದರು. ಆದರೆ ಗೇಟು ಸದ್ದಾದರೆ ಮತ್ತೆ ಎದ್ದು ನಿಂತದ್ದನ್ನು ನಾನು ಕಾಣಲಿಲ್ಲ. ವೈನನ್ನೂ ಹಾಕಲಿಲ್ಲ. ಮರುವರ್ಷ ಬಳ್ಳಿ ಹಿಂದೆಂದೂ ಇಲ್ಲದಷ್ಟು ಕಾಯಿ ಬಿಟ್ಟಿತು, ಒಂದು ಹಣ್ಣನ್ನೂ ಬಾವಲಿ ಮುಟ್ಟಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ನಾನು ನೋಡಲು ಹೋಗಲಿಲ್ಲ.

ಬಾಯಮ್ಮ ಆಸ್ಪತ್ರೆಯಲ್ಲಿದ್ದಾಗ ನನಗೆ ಮದುವೆಯಾಗಿ ಮಗಳು ಹುಟ್ಟಿದ್ದಳು. ಗಂಜಿ ತೆಗೆದುಕೊಂಡು ಹೋಗಿದ್ದೆ. ಎರಡು ಚಮಚ ಕುಡಿದು ಸಾಕೆಂದರು. ಬಟ್ಟಲನ್ನು ಬದಿಗೆ ಸರಿಸಿ, "ಆ ದಿನ ನೀನು ವಾಕ್ಯ ಪೂರ್ತಿ ಮಾಡ್ಲಿಲ್ಲ" ಎಂದರು.

"ನೀವು ಬಿಟ್ರಲ್ವಾ ಬಾಯಮ್ಮ?"

"ಈಗ ಹೇಳು."

ನನಗೆ ಅಳು ಬಂತು. "ಚಪ್ಪೆ ಇರ್ಲಿಲ್ಲ, ಆದ್ರೆ ಉಪ್ಪಿತ್ತು."

"ಹಾಂ. ಸಮುದ್ರದ್ದು" ಎಂದರು. ಟೀಚರ್ ದನಿಯಲ್ಲೇ, ಉತ್ತರ ಸರಿಯಾಯಿತೆನ್ನುವ ಹಾಗೆ. "ಆದ್ರೆ ನಾನು ಒಂದು ದಿನವೂ ಸುಳ್ಳು ಹೇಳ್ಲಿಲ್ಲ, ನೋಡು. ಚಪ್ಪೆ ಇಲ್ಲ ಅಂತ ಮಾತ್ರ ಹೇಳಿದ್ದು." ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದರು. ಆ ವಾರವೇ ತೀರಿಕೊಂಡರು...

ಬಳ್ಳಿ ಇದ್ದ ಜಾಗದಲ್ಲಿ ಈಗ ಯಾರದೋ ಕಾರುಗಳು ನಿಲ್ಲುತ್ತವೆ. ಮೊನ್ನೆ ದೀಪಾವಳಿಗೆ ನಮ್ಮಲ್ಲಿ ಅಗೆಲು ಬಡಿಸುವಾಗ, ನನ್ನಿಂದ ಈ ಕತೆ ಕೇಳಿದ್ದ ಮಗಳು, "ಬಾಯಮ್ಮನಿಗೂ ಒಂದು ಗ್ಲಾಸ್ ವೈನ್ ಇಡುವಾ ಅಮ್ಮ?" ಎಂದು ಕೇಳಿದಳು. ಎರಡು ಇಡು ಎಂದೆ. ಬಾಗಿಲು ತೆರೆದ ಮೇಲೆ ಅವಳು ಎರಡೂ ಗ್ಲಾಸನ್ನು ನನ್ನ ಮುಂದೆ ಹಿಡಿದಳು. ನಾನು ಬಾಯಿಗೆ ಮುಟ್ಟಿಸಲಿಲ್ಲ, ತೆಂಗಿನ ಬುಡಕ್ಕೆ ಚೆಲ್ಲಿಸಿದೆ. ಬಾಯಮ್ಮ ಇಲ್ಲ ಎಂಬುದು ನನಗೆ ಗೊತ್ತುಂಟು. ಅದನ್ನು ನಾಲಿಗೆಯಿಂದ ತಿಳಿದುಕೊಳ್ಳುವ ಧೈರ್ಯ ಮಾತ್ರ ಇಲ್ಲ.