ಬೀಗರ ಮೀನು

ಇನ್ನೊಂದು ಜೀವವನ್ನು ನಂಬಿ ಒಪ್ಪಿಸುವಷ್ಟು ಯೋಗ್ಯನೆನಿಸಿಕೊಳ್ಳುವುದು ಮನುಷ್ಯಜನ್ಮದ ದೊಡ್ಡ ಗೌರವ. ನನಗೆ ಆ ಗೌರವ ದೊರೆತದ್ದು ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದುದರಿಂದ.

ಖಾನಾಪುರದ ಬೀಗರು, ಎಂದರೆ ನನ್ನ ಮಗಳ ಮಾವನವರು, ಎಂಪರರ್ ಏಂಜೆಲ್ ಎಂಬ ಸಮುದ್ರದ ಮೀನು ಸಾಕಿದ್ದರು. ಕಡುನೀಲಿ ಮೈಮೇಲೆ ಒಂದರೊಳಗೊಂದು ಬಿಳಿ ಉಂಗುರ. ಜಾಂಬೋಟಿ ಕಡೆಯ ಮಳೆ ಹಿಡಿಯಿತೆಂದರೆ ಅವರಲ್ಲಿ ಕರೆಂಟು ಹೋಗುತ್ತದೆ, ಪಂಪು ನಿಲ್ಲುತ್ತದೆ, ಮೀನಿಗೆ ಉಸಿರು ಕಟ್ಟುತ್ತದೆ. ಆದ್ದರಿಂದ ಒಂದು ದಿನ ಮೀನು, ಗಾಜಿನ ತೊಟ್ಟಿ, ಉಪ್ಪಿನ ಚೀಲ ಸಮೇತ ಟೆಂಪೊದಲ್ಲಿ ಬಂದಿಳಿದರು. ತಾವೂ ಇನ್ವರ್ಟರ್ ಹಾಕಿಸುವವರೆಗೆ ನೋಡಿಕೊಳ್ಳಬೇಕೆಂದರು. ಆಗ ಅವರು ಕೊಟ್ಟಷ್ಟು ಸೂಚನೆಗಳನ್ನು ಮಗಳನ್ನು ಒಪ್ಪಿಸುವಾಗ ನಾನು ಕೊಟ್ಟಿರಲಿಲ್ಲ.

ಬೀಗರು ನಿಧಾನಸ್ಥರು. ಇನ್ವರ್ಟರ್ ಮುಂದಿನ ಮಳೆಗಾಲಕ್ಕೆ ಹೋಯಿತು. ಇತ್ತ ಮೀನು ಪಾಲಕ ಸೊಪ್ಪು ತಿಂದು ತಟ್ಟೆಯಗಲ ಬೆಳೆಯಿತು, ಉಂಗುರಗಳು ಹರಿಯತೊಡಗಿದವು, ಮೈತುಂಬ ಹಳದಿ ಗೆರೆ ಎದ್ದವು. ರೋಗವೆಂದೇ ತಿಳಿದೆ. ಬೀಗರು ಫೋನಿನಲ್ಲಿ ಕೇಳಿದಾಗಲೆಲ್ಲ ಮಾತ್ರ, ಆರಾಮ ಐತ್ರಿ ಎನ್ನುತ್ತಿದ್ದೆ. ಹಬ್ಬಕ್ಕೆ ಬಂದ ಮಗಳಿಂದ, ಅತ್ತೆಮನೆಯಲ್ಲಿ ಬಾಯಿ ಬಿಡುವುದಿಲ್ಲವೆಂದು ನನ್ನ ಹೆಂಡತಿ ಆಣೆ ಹಾಕಿಸಿಕೊಂಡಳು. ಆಮೇಲೆ ಮೀನಿನ ಅಂಗಡಿಯಲ್ಲಿ ವಿಚಾರಿಸಿದರೆ, ಪ್ರಾಯಕ್ಕೆ ಬಂದಾಗ ಹೀಗೆ ಬಣ್ಣ ಬದಲಿಸುವುದೇ ಈ ಮೀನಿನ ಕುಲಾಚಾರವೆಂದು ತಿಳಿಯಿತು. ಆದರೆ ಇಷ್ಟು ದಿನ ಆರಾಮ ಎಂದವನು ಈಗ ಬಣ್ಣದ ಮಾತು ಎತ್ತುವುದು ಹೇಗೆ?

ಕೊನೆಗೊಮ್ಮೆ ಇನ್ವರ್ಟರ್ ಹಾಕಿಸಿದ ಬೀಗರು ಟೆಂಪೊ ತಂದರು. ತೊಟ್ಟಿಯ ಮುಂದೆ ನಿಂತು ಕನ್ನಡಕ ಒರೆಸಿಕೊಂಡು ನೋಡಿದರು.

"ಇದೂ ಚಂದ ಐತ್ರಿ. ನಮ್ಮದೆಲ್ಲಿ?"

ನಾನು ಪ್ರಾಯದ ವಿಷಯ ವಿವರಿಸಿದೆ. ವಿವರಿಸಿದಷ್ಟೂ ಅದು ನನಗೇ ಸುಳ್ಳೆನಿಸತೊಡಗಿತು.

"ಸತ್ತಿದ್ರ ಸತ್ತೈತಿ ಅನ್ರಿ ಬೀಗರ," ಎಂದರು ಅವರು ಮೆಲ್ಲಗೆ. "ನಿಮ್ಮ ಮಗಳನ್ನ ಹೆಂಗ ಕೊಟ್ಟಿದ್ರಿ, ನಾವು ಹಂಗ ಇಟ್ಟೇವಿ. ನೀವು ನಮಗ ಬದಲಿ ಮೀನ ತೋರಸ್ತೀರಿ."

ಮಗಳು ಬಾಳುವ ಮನೆಯಲ್ಲಿ ನಾನು ಮೀನುಗಳ್ಳನೆಂದು ಹೆಸರಾಗುವುದು ಬಹುತೇಕ ಖಾತ್ರಿಯಾಯಿತು. ಆಕೆ ಆ ಮನೆಯಲ್ಲಿ ತಲೆ ಎತ್ತಿ ಓಡಾಡುವುದು ಹೇಗೆಂದು ನಾನು ಯೋಚಿಸುತ್ತಿರುವಾಗಲೇ ಹೆಂಡತಿ ಚಹಾ ತಂದಿಟ್ಟಳು.

"ಎಲ್ಲಿ ಹಂಗ ಇಟ್ಟೀರಿ, ಬೀಗರ? ಇಲ್ಲಿದ್ದಾಗ ಎಂಟಕ್ಕ ಏಳಾಕಿ, ಈಗ ಐದಕ್ಕ ಏಳತಾಳ. ಇಲ್ಲಿ ಬಾಯಿ ಬಿಡತಿರಲಿಲ್ಲ, ಈಗ ಸಿಟ್ಟು ಬಂದ್ರ ಮರಾಠಿಯೊಳಗ ಬೈತಾಳ. ಹಂಗಂತ ನಮ್ಮ ಮಗಳಲ್ಲ ಇಕಿ, ಬದಲಿ ಕಳಿಸೀರಿ ಅಂತ ನಾವು ಅಂದೇವೇನು?"

ಬೀಗರು ಬಹಳ ಹೊತ್ತು ಬಸಿಯಲ್ಲಿ ಚಹಾ ಆರಿಸಿದರು.

"ಅದು ಖರೇ," ಎಂದರು. "ನಮಗಿಂತ ಚಲೋ ಬೈತಾಳ."

ಮೀನು ಮತ್ತು ತೊಟ್ಟಿ ಅಂದೇ ಸಂಜೆ ಖಾನಾಪುರಕ್ಕೆ ಹೋದವು.